ಆಟದ ಸಂಗೀತವನ್ನು ಕೂಟದಲ್ಲಿ ಕೇಳುವಾಗ

ಪ್ರಶ್ನೆ: ಮಾಷ್ಟ್ರೇ, ನಮ್ಮದು ಪೆರ್ಲದ ಹತ್ತಿರ. ಕೆಲಸ ಮಂಗಳೂರಿನಲ್ಲಿ, ಕುಂಬಳೆಯಿಂದ ದಿನಾ ರೈಲು. ಆರು ತಿಂಗಳಿಂದ ಬ್ಯಾಲೆ ಸಂಗೀತ ಮತ್ತು ಇಂಗ್ಲಿಷ್ ಸಿನಿಮಾಗಳ ಹಿನ್ನೆಲೆ ಸಂಗೀತದ ಹುಚ್ಚು ಹಿಡಿದಿದೆ. ಆದರೆ ‘ನಟ್‌ಕ್ರ್ಯಾಕರ್’ ಅಂತ ಫೋನಿನಲ್ಲಿ ಹುಡುಕಿದರೆ ರಾಶಿ ಬೀಳುತ್ತದೆ. ಒಂದು 23 ನಿಮಿಷ, ಇನ್ನೊಂದು ಹತ್ತಿರ ಹತ್ತಿರ ಒಂದೂವರೆ ಗಂಟೆ. ಅದೇ ತುಣುಕು ಒಬ್ಬರಲ್ಲಿ ಓಡುತ್ತದೆ, ಇನ್ನೊಬ್ಬರಲ್ಲಿ ತೂಕಡಿಸುತ್ತದೆ. ಸಿನಿಮಾ ನೋಡುವಾಗ ಮೈ ಜುಂ ಅನ್ನಿಸಿದ ಸಂಗೀತ ಆಲ್ಬಮ್ಮಿನಲ್ಲಿ ಬೇರೆಯೇ ಥರ ಇರುತ್ತದೆ. ಯಾವುದು ಅಸಲಿ? ಇನ್ನೊಂದು ವಿಷಯ. ಸೋದರಮಾವ ಮಸ್ಕತ್ತಿನಿಂದ ತಂದ ಸಿಡಿಗಳ ಪೆಟ್ಟಿಗೆ ಅಟ್ಟದಲ್ಲಿದೆ. ಗುಜರಿಗೆ ಹಾಕಲಾ?

ಉತ್ತರ: ಗುಜರಿಗೆ ಹಾಕಬೇಡಿ ಮಾರಾಯ್ರೇ! ಪೆಟ್ಟಿಗೆಯ ವಿಷಯಕ್ಕೆ ಕೊನೆಗೆ ಬರುತ್ತೇನೆ.

ನೀವು ಪೆರ್ಲದವರು ಅಂದಿದ್ದರಿಂದ ನನ್ನ ಕೆಲಸ ಅರ್ಧ ಸುಲಭವಾಯಿತು. ಯಕ್ಷಗಾನದ ಆಟ ನೋಡಿದ್ದೀರಿ, ವೇಷ ಕುಣಿತ ಇಲ್ಲದೆ ಕೂತು ಮಾಡುವ ತಾಳಮದ್ದಳೆ ಕೂಟವೂ ಕೇಳಿದ್ದೀರಿ. ಒಂದೇ ಪ್ರಸಂಗ, ಒಂದೇ ಪದ, ಹಾಡುವ ಭಾಗವತರೂ ಒಬ್ಬರೇ ಅಂತ ಇಟ್ಟುಕೊಳ್ಳಿ. ಆಟದಲ್ಲಿ ಅವರ ಕಣ್ಣು ವೇಷದ ಕಾಲಿನ ಮೇಲಿರುತ್ತದೆ. ವೇಷಧಾರಿ ಗಿರಗಿರ ಸುತ್ತುತ್ತಾ ಧೀಂಗಿಣ ಹೊಡೆಯುತ್ತಿದ್ದರೆ ಅವನು ನಿಲ್ಲುವ ತನಕ ಎತ್ತಿ ಎತ್ತಿ ಹೇಳುತ್ತಾರೆ, ದಣಿದ ಅಂತ ಗೊತ್ತಾದರೆ ಅಲ್ಲೇ ಮುಕ್ತಾಯ ಮಾಡುತ್ತಾರೆ. ಅದೇ ಪದ ತಾಳಮದ್ದಳೆಯಲ್ಲಿ ಬಂದಾಗ ಕಾಲಿನ ಗೊಡವೆ ಇಲ್ಲ. ಕುಣಿತಕ್ಕೆ ಬೇಕಾದ ಮರುಕಳಿಕೆ ಇಲ್ಲ. ಹೇಳಿದರು, ಅರ್ಥ ಹೇಳುವವರ ಮಾತಿಗೆ ಬಿಟ್ಟರು. ಎರಡರಲ್ಲಿ ಯಾವುದು ಅಸಲಿ ಅಂತ ಯಾರಾದರೂ ಕೇಳಿದರೆ ನೀವು ನಗುತ್ತೀರಿ, ಅಲ್ವಾ?

ಬ್ಯಾಲೆ ಸಂಗೀತ ಅಂದರೆ ಕಾಲಿಗೆ ಬರೆದದ್ದು. ಸಿನಿಮಾ ಸಂಗೀತ ಅಂದರೆ ಚಿತ್ರಕ್ಕೆ ಬರೆದದ್ದು. ಎರಡೂ ಕಣ್ಣಿಗೆ ಕಾಣುವ ಯಾವುದೋ ಒಂದರ ಕೈ ಹಿಡಿದು ನಡೆದವು. ನೀವು ರೈಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವಾಗ ಆ ಕೈ ಬಿಟ್ಟುಹೋಗಿದೆ. ಹಾಗಾಗಿ ಯಾವ ಧ್ವನಿಮುದ್ರಣ ತೆಗೆದುಕೊಂಡರೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ. ಇವರು ನುಡಿಸುತ್ತಿರುವುದು ಆಟಕ್ಕೋ, ಕೂಟಕ್ಕೋ? ಅದು ಗೊತ್ತಾದರೆ ನಿಮ್ಮ ಅರ್ಧ ಗೊಂದಲ ತಾನಾಗಿ ಬಿಡುತ್ತದೆ.

ಮೊದಲು ಉದ್ದದ ಲೆಕ್ಕ. ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಪೂರ್ತಿ ಬ್ಯಾಲೆ 85 ನಿಮಿಷದ ಆಸುಪಾಸು. ಅದು ರಂಗಕ್ಕೆ ಬಂದದ್ದು 1892ರ ಡಿಸೆಂಬರಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಆದರೆ ಅದೇ ವರ್ಷದ ಮಾರ್ಚ್‌ನಲ್ಲೇ ಅವರು ಅದರಿಂದ ಎಂಟು ತುಣುಕು ಆರಿಸಿ ಕಛೇರಿಗೆ ಅಂತ ಒಂದು ಕಟ್ಟು ಮಾಡಿ ನುಡಿಸಿಯಾಗಿತ್ತು. ಅದನ್ನು ಸ್ವೀಟ್ ಅನ್ನುತ್ತಾರೆ. ನಿಮ್ಮ 23 ನಿಮಿಷ ಅದೇ. ಅಂದರೆ ಆಟಕ್ಕಿಂತ ಮೊದಲು ಕೂಟ ಆಗಿಹೋಗಿತ್ತು! ಸ್ವೀಟ್ ಕೇಳಿ ತಪ್ಪೇನಿಲ್ಲ, ಆದರೆ ಅಲ್ಲಿಗೇ ನಿಂತರೆ ನಷ್ಟ. ಮೊದಲ ಅಂಕದಲ್ಲಿ ಕ್ರಿಸ್‌ಮಸ್ ಮರ ಎತ್ತರಕ್ಕೆ ಬೆಳೆಯುತ್ತಾ ಹೋಗುವ ಜಾಗ, ಹಿಮದ ವಾಲ್ಟ್ಸ್, ಎರಡನೇ ಅಂಕದ ಜೋಡಿ ನೃತ್ಯ — ಇವು ಯಾವುದೂ ಅದರಲ್ಲಿಲ್ಲ. ನನ್ನ ಮಟ್ಟಿಗೆ ಇಡೀ ಕೃತಿಯ ಜೀವ ಇರುವುದು ಅಲ್ಲೇ.

ಆ ಜೋಡಿ ನೃತ್ಯವನ್ನೇ ಹತ್ತಿರದಿಂದ ನೋಡೋಣ. ‘ಪಾ ದ ದೂ’ ಅಂತ ಹಾಕಿದರೆ ಸಿಗುತ್ತದೆ. ಹಾರ್ಪ್‌ಗಳು ತಂತಿ ಮೀಟುತ್ತಾ ನೆಲ ಹಾಸುತ್ತವೆ, ಅದರ ಮೇಲೆ ಚೆಲ್ಲೋಗಳು, ಅಂದರೆ ದಪ್ಪ ಧ್ವನಿಯ ದೊಡ್ಡ ಪಿಟೀಲುಗಳು, ಬರುತ್ತವೆ. ಏನು ನುಡಿಸುತ್ತವೆ ಗೊತ್ತಾ? ಸ ನಿ ದ ಪ ಮ ಗ ರಿ ಸ. ಅಷ್ಟೇ. ನಮ್ಮ ಶಂಕರಾಭರಣದ ಅವರೋಹಣ, ಗಮಕ ಇಲ್ಲದ್ದು. ಮಕ್ಕಳಿಗೆ ಮೊದಲ ವಾರ ಹೇಳಿಕೊಡುವ ಪಾಠದ ಹಾಗೆಯೇ, ಅಲ್ಲಿ ರಾಗ ಮಾತ್ರ ಮಾಯಾಮಾಳವಗೌಳ. ಮೇಲಿನ ‘ಸ’ದಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿನ ‘ಸ’ಕ್ಕೆ ಇಳಿಯುವುದು, ಮತ್ತೆ ಹತ್ತಿ ಮತ್ತೆ ಇಳಿಯುವುದು. ಇಷ್ಟರಿಂದ ಆ ಮನುಷ್ಯ ಎದೆ ಬಿರಿಯುವಂಥದ್ದು ಮಾಡಿದ್ದಾರೆ. ನಾನು ಮೊದಲ ಸಲ ಇದನ್ನು ಗುರುತಿಸಿದ್ದು ಮಳೆಗಾಲದ ಒಂದು ಸಂಜೆ, ಪಕ್ಕದ ಮನೆಯ ಹುಡುಗಿ ಹಾರ್ಮೋನಿಯಂ ಇಟ್ಟುಕೊಂಡು ಸರಳೆ ವರಸೆ ಹೇಳುತ್ತಿದ್ದಾಗ. ಅವಳ ಅವರೋಹಣ ಕಿವಿಗೆ ಬಿದ್ದದ್ದೇ ನನ್ನ ತಲೆಯೊಳಗೆ ಚೆಲ್ಲೋ ಶುರುವಾಯಿತು.

ಈಗ ಇದೊಂದೇ ತುಣುಕನ್ನು ಮೂರು ಜನರ ಕೈಯಲ್ಲಿ ಕೇಳಿ. ಒಬ್ಬರು ಎಂಟೂ ಸ್ವರಗಳಿಗೆ ಒಂದೇ ತೂಕ ಕೊಟ್ಟು ಇಳಿಸುತ್ತಾರೆ, ಮೆರವಣಿಗೆ ಇಳಿದ ಹಾಗೆ. ಇನ್ನೊಬ್ಬರು ಮೇಲಿನ ‘ಸ’ದ ಮೇಲೆ ಒಂದಿಷ್ಟು ಜಾಸ್ತಿ ನಿಂತು ಆಮೇಲೆ ಜಾರಿ ಬಿಡುತ್ತಾರೆ. ಕುಳಿತು ಕೇಳುವವರಿಗೆ ಆ ನಿಲುಗಡೆ ಬರೀ ಚಂದಕ್ಕೆ ಅನ್ನಿಸಬಹುದು. ರಂಗದ ಮೇಲೆ ನೋಡಿದರೆ ಬೇರೆ ಕಾರಣ ಕಾಣುತ್ತದೆ. ಈ ನೃತ್ಯದಲ್ಲಿ ಗಂಡು ಹೆಣ್ಣನ್ನು ಮೇಲಕ್ಕೆ ಎತ್ತುತ್ತಾನೆ. ಎತ್ತಿದವನು ಇಳಿಸಬೇಕಲ್ಲ! ಅವನು ಇಳಿಸುವ ತನಕ ಕಂಡಕ್ಟರ್ ಕಾಯಬೇಕು. (ಕಂಡಕ್ಟರ್ ಅಂದರೆ ಬಸ್ಸಿನವರಲ್ಲ, ಕೋಲು ಹಿಡಿದು ಆರ್ಕೆಸ್ಟ್ರಾ ನಡೆಸುವವರು. ನಮ್ಮ ಭಾಗವತರ ಜಾಗ.) ಸ್ಟುಡಿಯೋದಲ್ಲಿ ಇಳಿಸುವುದಕ್ಕೆ ಯಾರೂ ಇಲ್ಲ. ಅಲ್ಲಿ ಕಾದರೆ ಅದು ಹಳೆ ಅಭ್ಯಾಸ, ಕಾಯದಿದ್ದರೆ ಅದೊಂದು ಹೊಸ ಸ್ವಾತಂತ್ರ್ಯ.

ಹಾಗೆ ಅಭ್ಯಾಸ ಇದ್ದವರಲ್ಲಿ ನನಗೆ ಬೇಕಾದವರು ಆಂತಾಲ್ ಡೊರಾಟಿ. ಹಂಗೇರಿಯವರು. 1930ರ ದಶಕದಲ್ಲಿ ಬ್ಯಾಲೆ ತಂಡದ ಜೊತೆ ಊರೂರು ಸುತ್ತಿ ಕಂಡಕ್ಟ್ ಮಾಡಿದವರು, ಥೇಟ್ ಮೇಳದ ತಿರುಗಾಟ. ‘ನಟ್‌ಕ್ರ್ಯಾಕರ್’ ಪೂರ್ತಿಯನ್ನು ಮೂರು ಸಲ ಧ್ವನಿಮುದ್ರಿಸಿದರು. 1950ರ ದಶಕದಲ್ಲಿ ಮಿನಿಯಾಪೊಲಿಸ್‌ನಲ್ಲಿ ಮೊನೋದಲ್ಲಿ (ಸ್ಟೀರಿಯೋ ಅಲ್ಲದ್ದು), 1962ರಲ್ಲಿ ಲಂಡನ್ ಸಿಂಫನಿಯ ಜೊತೆ, 1975ರಲ್ಲಿ ಆಂಸ್ಟರ್‌ಡ್ಯಾಮ್‌ನ ಕಾನ್ಸೆರ್ಟ್‌ಖೆಬೌ ಆರ್ಕೆಸ್ಟ್ರಾದ ಜೊತೆ. ಒಬ್ಬರೇ ಮನುಷ್ಯ, ಒಂದೇ ಪ್ರಸಂಗ, ಮೂರು ಮೇಳ ಅಂತ ತಿಳಿಯಿರಿ. 1962ರದ್ದು ನನ್ನ ಕಿವಿಗೆ ಚುರುಕು, ಅಂಚು ಹರಿತ, ಪ್ರತಿ ವಾದ್ಯ ಎದುರಿಗೇ ಕೂತ ಹಾಗೆ. ಅದನ್ನು ತಂದ ಮರ್ಕ್ಯುರಿ ಕಂಪೆನಿಯವರು ಇಡೀ ಆರ್ಕೆಸ್ಟ್ರಾಕ್ಕೆ ಮೂರೇ ಮೈಕು ಇಡುವ ಪದ್ಧತಿಗೆ ಹೆಸರಾದವರು. 1975ರದ್ದರಲ್ಲಿ ಸಭಾಂಗಣವೇ ಒಂದು ವಾದ್ಯ. ಸ್ವರ ನಿಂತ ಮೇಲೂ ಅದರ ಬೆಚ್ಚಗಿನ ಉಳಿಕೆ ಒಂದು ಗಳಿಗೆ ಗಾಳಿಯಲ್ಲಿ ಇರುತ್ತದೆ. ಹಳೆ ಚಾವಡಿಯಲ್ಲಿ ಮದ್ದಳೆ ಬಾರಿಸುವುದಕ್ಕೂ ಕಾಂಕ್ರೀಟ್ ಹಾಲಿನಲ್ಲಿ ಬಾರಿಸುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ.

ಇನ್ನೊಂದು ತುದಿಯಲ್ಲಿ ವ್ಯಾಲೆರಿ ಗೆರ್ಗಿಯೆವ್ ಇದ್ದಾರೆ. 1998ರಲ್ಲಿ ಕಿರೋವ್ ಆರ್ಕೆಸ್ಟ್ರಾದ ಜೊತೆ ಮಾಡಿದ್ದು, ಪೂರ್ತಿ ಬ್ಯಾಲೆ ಒಂದೇ ಸಿಡಿಯಲ್ಲಿ, 81 ನಿಮಿಷ. ಬ್ಯಾಲೆ ಮನೆಯವರೇ ಆದರೂ ಇಲ್ಲಿ ಓಟ ಜಾಸ್ತಿ. ಕೆಲವು ಕಡೆ ನನಗೆ ನರ್ತಕಿಯರ ಬಗ್ಗೆ ಕನಿಕರ ಹುಟ್ಟುತ್ತದೆ. ಆದರೆ ರೈಲಿನಲ್ಲಿ ಕೇಳಲು, ಆಯಾಸದ ದಿನ ಕೇಳಲು ಭಾರೀ ಚಂದ. ಇದೂ ಡೊರಾಟಿಯ 1962ರದ್ದೂ ನನ್ನ ಕಪಾಟಿನಲ್ಲಿವೆ.

ಅದೇ ಬ್ಯಾಲೆಯ ‘ಸಕ್ಕರೆ ಮಿಠಾಯಿ ರಾಣಿ’ಯ ನೃತ್ಯವಂತೂ ನಿಮಗೆ ಬಾಯಿಪಾಠ ಆಗಿರಬೇಕು. ಅಲ್ಲಿ ಟಿಣಿಟಿಣಿ ಅನ್ನುವುದು ಸೆಲೆಸ್ಟಾ. ಪಿಯಾನೋದ ಹಾಗೆ ಕೀಲಿಮಣೆ, ಒಳಗೆ ತಂತಿ ಬದಲು ಉಕ್ಕಿನ ಪಟ್ಟಿಗಳು. ಚೈಕೋವ್‌ಸ್ಕಿ ಅದನ್ನು ಪ್ಯಾರಿಸ್ಸಿನಲ್ಲಿ ಕಂಡು, ರಷ್ಯಾಕ್ಕೆ ಗುಟ್ಟಾಗಿ ತರಿಸಿ ಅಂತ ತಮ್ಮ ಪ್ರಕಾಶಕರಿಗೆ ಬರೆದರು. ರಿಮ್‌ಸ್ಕಿ-ಕೊರ್ಸಕೋವ್ ಮತ್ತು ಗ್ಲಾಜುನೋವ್‌ಗೆ ಸುಳಿವು ಸಿಕ್ಕರೆ ತನಗಿಂತ ಮೊದಲು ಅವರು ಬಳಸಿಯಾರು ಅಂತ ಹೆದರಿಕೆ! ಇದನ್ನು ಕೇಳುವಾಗ ಸೆಲೆಸ್ಟಾವನ್ನು ಬಿಟ್ಟು ಅದಕ್ಕೆ ಕೆಳಗಿನಿಂದ ಉತ್ತರ ಕೊಡುವ ಬಾಸ್ ಕ್ಲಾರಿನೆಟ್ಟಿಗೆ ಕಿವಿ ಕೊಡಿ. ಕೆಲವು ಧ್ವನಿಮುದ್ರಣಗಳಲ್ಲಿ ಅದು ಕುಶಾಲು ಮಾಡುತ್ತದೆ, ಕೆಲವದರಲ್ಲಿ ಯಾರೋ ಕತ್ತಲೆಯಲ್ಲಿ ಮೆಟ್ಟಿಲಿಳಿದ ಹಾಗೆ. ಮೇಲಿನ ಮಿಠಾಯಿ ಅದೇ, ಕೆಳಗಿನ ಒಬ್ಬನಿಂದ ಇಡೀ ಬಣ್ಣ ಬದಲು.

‘ಸ್ವಾನ್ ಲೇಕ್’ಗೆ ಹೋದಾಗ ಒಂದು ಎಡವಟ್ಟು ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ವಿಡಿಯೋದಲ್ಲಿ ಮೂರನೇ ಅಂಕದಲ್ಲಿ ಕಪ್ಪು ಹಂಸದ ಜೋಡಿ ನೃತ್ಯ ನೋಡಿರುತ್ತೀರಿ, ಕೊನೆಗೆ 32 ಸಲ ಒಂಟಿ ಕಾಲಲ್ಲಿ ಗಿರಗಿರ ತಿರುಗುವುದು. (ಧೀಂಗಿಣ ನೋಡಿ ಬೆಳೆದ ನಮಗೆ ಲೆಕ್ಕ ಹಾಕುವ ಚಟ ಇದ್ದೇ ಇದೆ.) ಅದರ ಸಂಗೀತ ಹುಡುಕಿ ಪೂರ್ತಿ ಆಲ್ಬಮ್ಮಿನ ಮೂರನೇ ಅಂಕ ತೆಗೆದರೆ ಅಲ್ಲಿ ಇರುವುದಿಲ್ಲ! ನಾನೂ ಒಮ್ಮೆ ಹೀಗೆ ಹುಡುಕಿ, ಕ್ಯಾಸೆಟ್ಟಿನಲ್ಲಿ ಕತ್ತರಿಸಿದ್ದಾರೆ ಅಂತ ಅಂಗಡಿಯವನ ಜೊತೆ ವಾದಕ್ಕೆ ನಿಂತಿದ್ದೆ. ವಿಷಯ ಇಷ್ಟೇ. 1877ರಲ್ಲಿ ಮಾಸ್ಕೋದಲ್ಲಿ ಮೊದಲು ಬಂದಾಗ ಆ ಸಂಗೀತ ಮೊದಲನೇ ಅಂಕದಲ್ಲಿತ್ತು. 1893ರಲ್ಲಿ ಚೈಕೋವ್‌ಸ್ಕಿ ತೀರಿಕೊಂಡರು. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕುಣಿತ ಕಟ್ಟುವ ಪೆಟಿಪಾ ಮತ್ತು ಇವಾನೋವ್ ಹೊಸದಾಗಿ ಕಟ್ಟಿದಾಗ ಡ್ರಿಗೊ ಎಂಬ ಕಂಡಕ್ಟರ್ ಸಂಗೀತವನ್ನು ಹಿಂದೆ ಮುಂದೆ ಮಾಡಿ, ಅದನ್ನು ಎತ್ತಿ ಅರಮನೆಯ ದೃಶ್ಯಕ್ಕೆ ಹಾಕಿದರು. ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ನರ್ತಕಿ ಆ 32 ಸುತ್ತು ಹಾಕಿದ್ದೂ ಆಗಲೇ. ಬಹಳಷ್ಟು ಧ್ವನಿಮುದ್ರಣಗಳು 1877ರ ಕ್ರಮ ಹಿಡಿಯುತ್ತವೆ, ರಂಗದವರು 1895ರದ್ದು. ಗೆರ್ಗಿಯೆವ್ ಮಾಡಿದ ‘ಸ್ವಾನ್ ಲೇಕ್’ ರಂಗದ ಕ್ರಮದ್ದು. ಪ್ರಸಂಗಪುಸ್ತಕದಲ್ಲಿ ಒಂದು ಕ್ರಮ, ಮೇಳದವರು ಆಡುವಾಗ ಇನ್ನೊಂದು. ಇದರಲ್ಲಿ ಮೋಸ ಏನೂ ಇಲ್ಲ.

ಹಾಗಾದರೆ ಬರೆದವರೇ ನುಡಿಸಿದ್ದು ಅಸಲಿ ಅನ್ನೋಣವಾ? ಸ್ಟ್ರಾವಿನ್‌ಸ್ಕಿ ಆ ಆಸೆಗೂ ನೀರು ಬಿಟ್ಟರು. ಅವರ ‘ರೈಟ್ ಆಫ್ ಸ್ಪ್ರಿಂಗ್’ 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಮೊದಲು ಆಡಿದಾಗ ಸಭೆಯಲ್ಲಿ ಗಲಾಟೆಯೋ ಗಲಾಟೆ. ಅಂದು ಕೋಲು ಹಿಡಿದಿದ್ದವರು ಪಿಯೆರ್ ಮಾಂಟೊ. 1929ರಲ್ಲಿ ಮಾಂಟೊ ಇದನ್ನು ಧ್ವನಿಮುದ್ರಿಸಿದರು, ಅದೇ ವರ್ಷ ಸ್ಟ್ರಾವಿನ್‌ಸ್ಕಿಯೂ ಮಾಡಿದರು, ಮತ್ತೆ 1940ರಲ್ಲಿ, ಮತ್ತೆ 1960ರಲ್ಲಿ. ಬರೆದವರದ್ದೇ ಮೂರು, ಮೂರೂ ಬೇರೆ ಬೇರೆ. ಅವರ ‘ಫೈರ್‌ಬರ್ಡ್’ ಅಂತೂ ಪೂರ್ತಿ ಬ್ಯಾಲೆಯಲ್ಲದೆ 1911, 1919, 1945 ಅಂತ ಮೂರು ಸ್ವೀಟ್‌ಗಳಾಗಿ ಸಿಗುತ್ತದೆ. ಹೆಸರಿನ ಪಕ್ಕದ ಇಸವಿ ನೋಡಿಯೇ ಒತ್ತಿ.

ಸಿನಿಮಾದ್ದು ಇನ್ನೂ ಮಜಾ. ನಮ್ಮ ಕಡೆ ಹಿನ್ನೆಲೆ ಸಂಗೀತ ಮಾಡುವುದಕ್ಕೆ ‘ರೀರೆಕಾರ್ಡಿಂಗ್’ ಅಂತ ಕರೆಯುವ ರೂಢಿ. ಹಾಡುಗಳ ಕ್ಯಾಸೆಟ್ ಬರುತ್ತಿತ್ತೇ ಹೊರತು ಹಿನ್ನೆಲೆ ಸಂಗೀತ ಬಿಡಿಯಾಗಿ ಸಿಗುವುದು ಅಪರೂಪವಾಗಿತ್ತು. ಅಲ್ಲಿನವರು ಅದನ್ನೂ ಮಾರುತ್ತಾರೆ, ಆದರೆ ಸಿನಿಮಾದಲ್ಲಿ ಇದ್ದ ಹಾಗೆಯೇ ಮಾರುತ್ತಾರೆ ಅನ್ನುವಂತಿಲ್ಲ. ದೃಶ್ಯ ಕೊನೆಗೆ ಎರಡು ಸೆಕೆಂಡು ಕತ್ತರಿಸಿದರೆ ಸಂಗೀತವೂ ಕತ್ತರಿ ತಿನ್ನುತ್ತದೆ. ಮಾತು, ಗುಂಡಿನ ಸದ್ದು, ಕಾರಿನ ಸದ್ದು ಅದರ ಮೇಲೆ ಕೂರುತ್ತವೆ. ಆಲ್ಬಮ್ ಮಾಡುವಾಗ ಸಂಗೀತಗಾರರು ಸಣ್ಣ ಸಣ್ಣ ತುಣುಕು ಜೋಡಿಸಿ, ಬೇಡದ್ದು ಬಿಟ್ಟು, ಕೆಲವೊಮ್ಮೆ ಹೊಸದಾಗಿಯೇ ನುಡಿಸಿ ಕೊಡುತ್ತಾರೆ. ನಿಮಗೆ ಮೈ ಜುಂ ಅನ್ನಿಸಿದ್ದರಲ್ಲಿ ಕತ್ತಲೆಯ ಥಿಯೇಟರಿನದ್ದೂ ಒಂದು ಪಾಲಿತ್ತು ಅನ್ನುವುದನ್ನೂ ಮರೆಯಬೇಡಿ.

ನನಗೇ ಆದದ್ದು ಹೇಳುತ್ತೇನೆ. ಶಾರ್ಜಾದ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಕಾಲ. ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸಿ’ ನೋಡಿದೆ. ಸೂರ್ಯ ಏಳುವಾಗ ರಿಚರ್ಡ್ ಸ್ಟ್ರೌಸ್‌ನ ಆ ತುತ್ತೂರಿಗಳು! ಮರುವಾರವೇ ಸಂಬಳದಲ್ಲಿ ಅದರ ಕ್ಯಾಸೆಟ್ ತಂದೆ. ಹಾಕಿದೆ. ಅದೇ ಸಂಗೀತ, ಆದರೆ ಅದಲ್ಲ. ಟೇಪ್ ರೆಕಾರ್ಡರಿನ ತಲೆ ತಿಕ್ಕಿದೆ, ಬೆಲ್ಟ್ ಬದಲಿಸಿದೆ, ಕೊನೆಗೆ ನನ್ನ ಕಿವಿಯ ಮೇಲೆಯೇ ಸಂಶಯ ಬಂತು. ವರ್ಷಗಳ ಮೇಲೆ ಕಾರಣ ಸಿಕ್ಕಿತು. ಸಿನಿಮಾದಲ್ಲಿ ಬಳಸಿದ್ದು ಕಂಡಕ್ಟರ್ ಕರಯಾನ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು, 1968ರ ಆಲ್ಬಮ್ಮಿಗೆ ಹಾಕಿದ್ದು ಕಾರ್ಲ್ ಬೋಮ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು. ಹಕ್ಕಿನ ವಿಷಯ, ಅಷ್ಟೇ. ಕಿವಿ ಸರಿಯಾಗಿಯೇ ಇತ್ತು! ನಿಮಗೂ ‘ಬೇರೆ ಥರ’ ಅನ್ನಿಸಿದರೆ ಮೊದಲು ನಿಮ್ಮ ಕಿವಿಯನ್ನು ನಂಬಿ, ಆಮೇಲೆ ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ. (ಆ ಸಿನಿಮಾದಲ್ಲಿ ಬ್ಯಾಲೆಯೂ ಇದೆ. ನೌಕೆಯೊಳಗಿನ ಆ ಒಂಟಿತನಕ್ಕೆ ಕುಬ್ರಿಕ್ ಬಳಸಿದ್ದು ಖಚತುರಿಯನ್‌ನ ‘ಗಯಾನೆ’ ಬ್ಯಾಲೆಯ ಅಡಾಜಿಯೊ, ಅಂದರೆ ನಿಧಾನದ ತುಣುಕು.)

ಬರ್ನಾರ್ಡ್ ಹರ್ಮನ್‌ರ ‘ಸೈಕೋ’ ಕೇಳಿ ನೋಡಿ, ಧೈರ್ಯ ಇದ್ದರೆ ರಾತ್ರಿ. 1960ರ ಸಿನಿಮಾ. ಬರೀ ತಂತಿವಾದ್ಯಗಳು, ಬೇರೇನೂ ಇಲ್ಲ. ಸ್ನಾನದ ಮನೆಯ ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಅಂದಿದ್ದರಂತೆ, ಹರ್ಮನ್ ಕೇಳಲಿಲ್ಲ. ಸಿನಿಮಾದಲ್ಲಿ ಅದು ಒಣ, ಹರಿತ, ಅವಸರದ್ದು. ಅದೇ ಹರ್ಮನ್ 1975ರಲ್ಲಿ ಲಂಡನ್ನಿನಲ್ಲಿ ಅದನ್ನು ಮತ್ತೆ ಧ್ವನಿಮುದ್ರಿಸಿದಾಗ ನಿಧಾನ ಮಾಡಿಬಿಟ್ಟರು. ಇಲ್ಲಿ ಚಿತ್ರದ ಹಿಡಿತ ಇಲ್ಲ, ಹಾಗಾಗಿ ಒಂದೊಂದು ಸ್ವರವನ್ನೂ ಎಳೆದು ತೋರಿಸುತ್ತಾರೆ. ನನಗೆ ಸಿನಿಮಾದ್ದೇ ಇಷ್ಟ. ನಿಧಾನದ್ದು ಹೆದರಿಸುವುದಿಲ್ಲ, ಬೇಸರ ತುಂಬುತ್ತದೆ. ಅದಕ್ಕೂ ಅದರದ್ದೇ ಗಿರಾಕಿಗಳಿದ್ದಾರೆ.

‘ಸ್ಟಾರ್ ವಾರ್ಸ್’ ಹೋಲಿಸಿ ಕೇಳಲು ಸುಲಭದ್ದು. 1977ರ ಮೂಲದಲ್ಲಿ ಜಾನ್ ವಿಲಿಯಮ್ಸ್ ಕಂಡಕ್ಟರ್, ನುಡಿಸಿದ್ದು ಲಂಡನ್ ಸಿಂಫನಿ. ಅವರ ಮುಖ್ಯ ತುತ್ತೂರಿಗಾರ ಮಾರಿಸ್ ಮರ್ಫಿ ಆಗಷ್ಟೇ ಆ ಕೆಲಸಕ್ಕೆ ಸೇರಿದ್ದರು. ಶುರುವಿನ ಆ ಕೂಗು ಅವರದ್ದು. ಸ್ವಲ್ಪ ಸಮಯದಲ್ಲೇ ನಮ್ಮ ಮುಂಬೈಯ ಜುಬಿನ್ ಮೆಹ್ತಾ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಜೊತೆ ಅದರ ಸ್ವೀಟ್ ಮಾಡಿದರು. 2020ರ ಜನವರಿಯಲ್ಲಿ ವಿಲಿಯಮ್ಸ್ ತಾವೇ ವಿಯೆನ್ನಾಕ್ಕೆ ಹೋಗಿ ಅಲ್ಲಿನ ಫಿಲ್‌ಹಾರ್ಮೋನಿಕ್ ಕೈಯಲ್ಲಿ ನುಡಿಸಿದರು. ಸಭೆಯ ಎದುರು ನುಡಿಸಿದ್ದು, ಚಿತ್ರದ ಹಂಗಿಲ್ಲದ್ದು. ಸಿನಿಮಾದ ‘ಆಟ’ ಕೊನೆಗೂ ‘ಕೂಟ’ ಆದದ್ದು ಹೇಗೆ ಅಂತ ನೋಡಬೇಕಾದರೆ ಈ ಮೂರು ಸಾಕು.

ಬ್ಯಾಲೆ, ಸಿನಿಮಾ ಎರಡರಲ್ಲೂ ಕಾಲಿಟ್ಟವರು ಪ್ರೊಕೊಫಿಯೆವ್. ‘ರೋಮಿಯೋ ಆ್ಯಂಡ್ ಜೂಲಿಯೆಟ್’ ಬ್ಯಾಲೆಯೂ ಅವರದ್ದೇ, ಐಸೆನ್‌ಸ್ಟೈನ್‌ನ 1938ರ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಸಿನಿಮಾದ ಸಂಗೀತವೂ ಅವರದ್ದೇ. ಆ ಸಿನಿಮಾದ ಧ್ವನಿ ಮಾತ್ರ ದೇವರಿಗೇ ಪ್ರೀತಿ, ಡಬ್ಬಿಯೊಳಗೆ ಕೂತು ನುಡಿಸಿದ ಹಾಗೆ. ಮರುವರ್ಷ ಅವರು ಅದರಿಂದಲೇ ಒಂದು ಕ್ಯಾಂಟಾಟ, ಅಂದರೆ ಗಾಯಕರು ಮತ್ತು ಆರ್ಕೆಸ್ಟ್ರಾ ಸೇರಿ ಕಛೇರಿಯಲ್ಲಿ ಮಾಡುವ ಕೃತಿ, ಮಾಡಿದರು. ಮೊದಲು ಅದನ್ನು ಒಳ್ಳೆ ಧ್ವನಿಮುದ್ರಣದಲ್ಲಿ ಕೇಳಿ, ಆಮೇಲೆ ಸಿನಿಮಾ ನೋಡಿ. ಹಿಮದ ಮೇಲಿನ ಕಾಳಗದಲ್ಲಿ ಕಿವಿ ತಾನಾಗಿ ತುಂಬಿಸಿಕೊಳ್ಳುತ್ತದೆ. ಕೆಲವು ಕಡೆ ಅಲ್ಲಿ ಸಂಗೀತ ಮೊದಲು ಬರೆದು ಚಿತ್ರವನ್ನೇ ಅದಕ್ಕೆ ಕತ್ತರಿಸಿ ಹೊಂದಿಸಿದರು. ವೇಷವೇ ಭಾಗವತರ ಹಿಂದೆ ಹೋದ ಹಾಗೆ.

ಇನ್ನು ಕೇಳುವ ಕ್ರಮ. ಸುಮ್ನೆ ಹತ್ತು ಧ್ವನಿಮುದ್ರಣ ಸಾಲಾಗಿ ಹಾಕಿ ಅರ್ಧರ್ಧ ನಿಮಿಷ ಕೇಳಬೇಡಿ, ಆಗ ಜೋರಾಗಿರುವುದೇ ಗೆಲ್ಲುತ್ತದೆ. ಐದು ನಿಮಿಷದ ಒಂದು ತುಣುಕು ಹಿಡಿಯಿರಿ, ಒಂದು ವಾರ ಒಬ್ಬರದ್ದೇ ಕೇಳಿ, ಮುಂದಿನ ವಾರ ಇನ್ನೊಬ್ಬರದ್ದು. ಎರಡನೆಯವರು ಎಲ್ಲಿ ನಿಮ್ಮನ್ನು ಬೆಚ್ಚಿ ಬೀಳಿಸಿದರೋ ಅಲ್ಲಿಗೆ ಹೋಗಿ ನಿಲ್ಲಿ. ಹುಡುಕುವಾಗ ಕೃತಿಯ ಹೆಸರಿನ ಜೊತೆ ಕಂಡಕ್ಟರ್ ಹೆಸರು ಹಾಕಿ. ‘ರೀಮಾಸ್ಟರ್ಡ್ 2015’ ಅಂತ ಇದ್ದರೆ ಅದು ತೊಳೆದು ಬಳಿದ ವರ್ಷ, ನುಡಿಸಿದ ವರ್ಷವಲ್ಲ. ಫೋನಿನ ಆ್ಯಪಿನಲ್ಲಿ ಒಂದು ಹಾಡು ಕರಗಿ ಇನ್ನೊಂದಕ್ಕೆ ಸೇರುವ ಸೆಟ್ಟಿಂಗ್ ಇದೆ, ಅದನ್ನು ಆಫ್ ಮಾಡಿ. ಬ್ಯಾಲೆಯಲ್ಲಿ ತುಣುಕುಗಳು ಒಂದಕ್ಕೊಂದು ಅಂಟಿಯೇ ಇರುತ್ತವೆ, ಇದು ಸೇರಿದರೆ ಕಲಸುಮೇಲೋಗರ.

ರೈಲಿನ ವಿಷಯಕ್ಕೆ ಬಂದರೆ, ‘ಫೈರ್‌ಬರ್ಡ್’ ಅಲ್ಲಿಗೆ ಆಗುವುದಿಲ್ಲ. ಶುರುವಿನಲ್ಲಿ ಚೆಲ್ಲೋ, ಡಬಲ್ ಬಾಸ್‌ಗಳು ತಳದಲ್ಲಿ ಪಿಸುಗುಟ್ಟುತ್ತವೆ. ಗಾಲಿ ಸದ್ದಿನಲ್ಲಿ ಏನೂ ಕೇಳದೆ ನೀವು ವಾಲ್ಯೂಮ್ ಏರಿಸುತ್ತೀರಿ, ಆಮೇಲೆ ರಾಕ್ಷಸರ ಕುಣಿತ ಬಂದಾಗ ಉಪ್ಪಳ ಸ್ಟೇಷನ್ನಿನಲ್ಲಿ ಕಿವಿ ಹಿಡಿದುಕೊಳ್ಳುತ್ತೀರಿ. ಅದನ್ನು ಮನೆಗೆ ಇಟ್ಟುಕೊಳ್ಳಿ. ಅದೂ ಹಂಚಿನ ಮಾಡಿನ ಮೇಲೆ ಮಳೆ ಇಲ್ಲದ ಹೊತ್ತಿಗೆ.

ಈಗ ಮಾವನ ಪೆಟ್ಟಿಗೆ. ನಮ್ಮ ಊರಿನ ಮಳೆಗಾಲದಲ್ಲಿ ಅಟ್ಟದ ಮೇಲೆ ಏನಿಟ್ಟರೂ ಬೂಷ್ಟು ಬರದೆ ಇರುವುದಿಲ್ಲ. ನನ್ನ ಕ್ಯಾಸೆಟ್‌ಗಳು ಅರ್ಧಕ್ಕರ್ಧ ಹಾಗೆಯೇ ಹೋದವು. ಸಿಡಿ ಆದರೆ ಉಳಿಯುತ್ತದೆ. ಮೆತ್ತಗಿನ ಹತ್ತಿ ಬಟ್ಟೆ ಸ್ವಲ್ಪ ಒದ್ದೆ ಮಾಡಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಿ ಸುತ್ತಿ ಒರೆಸಬೇಡಿ, ಗೀರು ಬಿದ್ದರೆ ಹಾಡಿನ ದಾರಿಯಲ್ಲೇ ಬೀಳುತ್ತದೆ. ಎರಡು ಮೂರು ಸಿಡಿಗಳ ದಪ್ಪ ಡಬ್ಬ ಇದ್ದರೆ ಇವತ್ತೇ ತೆರೆದು ನೋಡಿ. ಹಳೆಯದ್ದರಲ್ಲಿ ಒಳಗೆ ತೆಳ್ಳಗಿನ ಸ್ಪಂಜಿನ ಹಾಳೆ ಇಟ್ಟಿರುತ್ತಾರೆ, ಅದು ವರ್ಷ ಕಳೆದಂತೆ ಕರಗಿ ಸಿಡಿಗೆ ಅಂಟಿಕೊಳ್ಳುತ್ತದೆ. ಅದನ್ನು ತೆಗೆದು ಬಿಸಾಡಿ. ಆಮೇಲೆ ಪ್ರತಿ ಡಬ್ಬದ ಬೆನ್ನಿನ ಮೇಲಿರುವ ಕಂಡಕ್ಟರ್ ಹೆಸರು ಒಂದು ಕಾಗದದಲ್ಲಿ ಬರೆದು ನನಗೆ ಕಳಿಸಿ. ಡೊರಾಟಿಯ 1975ರದ್ದು ಅದರಲ್ಲಿ ಇದ್ದರೆ ಒಂದು ಭಾನುವಾರ ನಾನೇ ಪೆರ್ಲಕ್ಕೆ ಬರುತ್ತೇನೆ, ನನ್ನದು ಯಾರೋ ಕೇಳಲು ಕೊಂಡುಹೋದವರು ಹಿಂದೆ ಕೊಟ್ಟಿಲ್ಲ.